ಜಾಕಿಗೆ ಹುಚ್ಚು ಹಿಡಿದಿರಲಿಲ್ಲ

ಲೂಸಿಬಾಯಿ, ನಿಮ್ಮ ಜಾಕಿಗೆ ಹುಚ್ಚು ಹಿಡಿದಿರಲಿಲ್ಲ.

ಮೊದಲು ಇದನ್ನು ಬರೆದುಬಿಡುತ್ತೇನೆ. ಹಿಂದುಮುಂದು ಹೇಳುತ್ತ ಹೊರಟರೆ — ನನ್ನ ಬುದ್ಧಿ ನನಗೆ ಗೊತ್ತು — ದಾರಿಯಲ್ಲಿ ಯಾವುದೋ ಮರದ ನೆರಳಲ್ಲಿ ಕೂತು ಹರಟೆ ಹೊಡೆದು, ಹೇಳಬೇಕಾದ್ದನ್ನು ಹೇಳದೆಯೇ ಎದ್ದು ಬಂದುಬಿಡುತ್ತೇನೆ. ಹನ್ನೆರಡು ವರ್ಷ ಹಾಗೆಯೇ ಮಾಡಿದ್ದೇನೆ. ಆದ್ದರಿಂದ ಇಲ್ಲೇ ಹೇಳುತ್ತೇನೆ: ಅದಕ್ಕೆ ಹೊಡೆದದ್ದು ಬಿಸಿಲು. ಬಿಸಿಲಿಗೆ ಒಡ್ಡಿದವನು ನಾನು. ಹುಚ್ಚು ಎಂದು ಹೇಳಿ ಕೊಲ್ಲಿಸಿದವನೂ ನಾನು.

ಈ ಕಾಗದವನ್ನು ನೀವು ಇಲ್ಲಿಗೇ ಮಡಚಿ ಒಲೆಗೆ ಹಾಕಿದರೂ ನಿಮಗೆ ತಿಳಿಯಬೇಕಾದ್ದು ತಿಳಿದಂತಾಯಿತು. ಮುಂದಿನದನ್ನು ತೋಟದ ಕೂಲಿಮನೆಗಳ ಲೈನಿನವರಿಗೂ ಓದಿ ಹೇಳಬೇಕೆಂದಿದ್ದೇನೆ. ಅಲ್ಲೀಗ ಹೊಸಬರು ಬಂದಿದ್ದಾರೆ, ಅವರಿಗೆ ನಿಮ್ಮ ಮುಖ ಗೊತ್ತಿಲ್ಲ — ಕತೆ ಮಾತ್ರ ಗೊತ್ತು, ಅದೂ ನಾನು ಹೇಳಿದ ಕತೆ. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ, ಬೇಸರಪಡಬೇಡಿ.

ಹೆತ್ತೂರಿನ ಮೇಲಣ ಆ ಎಸ್ಟೇಟಿನಲ್ಲಿ ಆಗ ನಾನು ಹಾಜರಿ, ಲೆಕ್ಕ ಬರೆಯುವ ರೈಟರ್. ನೀವು ಕೂಸಿನ ಮನೆ ನೋಡಿಕೊಳ್ಳುತ್ತಿದ್ದಿರಿ. ಹಾಜರಿ ಕೂಗುವ ಮೊದಲೇ ಲೈನಿನ ಹೆಂಗಸರು ಹಾಲುಗೂಸುಗಳನ್ನು ತಂದು ನಿಮ್ಮ ಮಡಿಲಿಗೆ ಹಾಕಿ ಕಾಫಿ ಕೊಯ್ಲಿಗೆ ಹೋಗುತ್ತಿದ್ದರು. ಗಂಡನನ್ನು ಕಳೆದುಕೊಂಡು ಘಟ್ಟ ಹತ್ತಿ ಬಂದ ನಿಮಗೆ ಆ ಕೂಸುಗಳೇ ಸಂಸಾರ. ಜೊತೆಗೆ ಜಾಕಿ.

ಹಳೆಯ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದ ನಾಯಿಯ ಮರಿ ಅದು. ಮೈತುಂಬ ಕರಡಿಯಂಥ ಕೂದಲು. ಆಷಾಢದಲ್ಲಿ ನಾವೆಲ್ಲ ಕಂಬಳಿ ಕೊಪ್ಪೆಯೊಳಗೆ ನಡುಗುವಾಗ ಅದು ಜಗಲಿಯ ತುದಿಯಲ್ಲಿ ಹಾಯಾಗಿ ಮಲಗಿರುತ್ತಿತ್ತು. ಶಿವರಾತ್ರಿ ಕಳೆಯಿತೋ, ಅದರ ಕಷ್ಟಕಾಲ ಶುರು. ನೀವು ಹಲಸಿನ ಮರದ ಬುಡದಲ್ಲಿ ಅದು ಮಲಗುವಷ್ಟು ಗುಂಡಿ ತೋಡಿ, ಮಣ್ಣಿಗೆ ನೀರು ಚಿಮುಕಿಸಿ, ಮೇಲೆ ಒದ್ದೆ ಗೋಣಿ ಹಾಸುತ್ತಿದ್ದಿರಿ. ಒಡೆದ ಮಡಕೆಯ ತಳಗಳಲ್ಲಿ ಮೂರು ಕಡೆ ನೀರು. ಮಜ್ಜಿಗೆ ಬೆರೆಸಿದ ತೆಳ್ಳನೆ ಅಂಬಲಿ. ಹೊತ್ತು ಏರುವ ಮೊದಲು ಒಂದು ಸುತ್ತು, ಹೊತ್ತು ಇಳಿದ ಮೇಲೆ ಒಂದು ಸುತ್ತು, ನಡುವೆ ಅಂಗಳ ದಾಟಿಸುತ್ತಿರಲಿಲ್ಲ. ಹೊರಗೆ ಬಿಡುವ ಮುಂಚೆ ಬಗ್ಗಿ ಹಿಂಗೈಯನ್ನು ನೆಲಕ್ಕೆ ಒತ್ತಿ ನೋಡುವುದೊಂದು ನಿಮ್ಮ ಪದ್ಧತಿ. ನಿಮ್ಮ ಕೈ ತಡೆಯದ ನೆಲಕ್ಕೆ ಅದರ ಪಾದ ಇಳಿಯುವಂತಿಲ್ಲ.

ಲೈನಿನವರು ನಗುತ್ತಿದ್ದರು. ಚಿಕ್ಕತಾಯಿ ಒಮ್ಮೆ ಮಗಳನ್ನು ನಿಮ್ಮ ಕೈಗೆ ಕೊಡುತ್ತ, "ನಮ್ ಗಂಡಂದ್ರಿಗೂ ಇಷ್ಟು ಉಪಚಾರ ಇಲ್ಲ ಕಣ್ ಬಾಯಮ್ಮ," ಎಂದಳು. ನೀವು ಜಾಕಿಯ ಕೂದಲು ಬಾಚುತ್ತ ತಲೆ ಎತ್ತದೆಯೇ, "ನಿಮ್ಮ ಗಂಡಂದಿರು ಸೆಕೆ ಆದ್ರೆ ಅಂಗಿ ಬಿಚ್ಚಿ ಕೂತ್ಕೊಳ್ತಾರೆ. ಇದು ಪಾಪ ಎಂತ ಬಿಚ್ಚುವುದು?" ಎಂದಿರಿ. ನಾನೂ ಅಲ್ಲಿದ್ದೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಆ ವರ್ಷ ಈಸ್ಟರ್ ಹಬ್ಬಕ್ಕೆ ಮಂಗಳೂರಿನ ತಂಗಿಯ ಮನೆಗೆ ಹೊರಟಿರಿ. ಜಾಕಿಯನ್ನು ನನಗೆ ಒಪ್ಪಿಸಿದಿರಿ. ಬಸ್ಸಿನ ಹತ್ತಿರ ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದಿರಿ — ಗೋಣಿ, ನೀರು, ಅಂಬಲಿ. "ಒಂದು ವೇಳೆ ತುಂಬ ಏದುಸಿರು ಬಿಟ್ರೆ ಹೊಟ್ಟೆಗೆ, ಕಂಕುಳಿಗೆ, ಪಾದಕ್ಕೆ ನೀರು ಹಾಕಿ. ಗಾಳಿ ಬಿಡಿ. ಏನನ್ನೂ ಹೊದಿಸ್ಲಿಕ್ಕೆ ಹೋಗಬೇಡಿ." ಆಮೇಲೆ ನನ್ನ ಮುಖವನ್ನೇ ನೋಡಿದಿರಿ. "ಬೇಟೆಗೆ ಮಾತ್ರ ಬೇಡ ರೈಟ್ರೆ. ಅದಕ್ಕೆ ಓಡುವ ಆಸೆ ಉಂಟು, ನಿಲ್ಲುವ ಬುದ್ಧಿ ಇಲ್ಲ. ಕರೆದವರ ಹಿಂದೆ ಸಾಯುವವರೆಗೆ ಓಡ್ತದೆ."

"ನಮ್ಮಮ್ಮನಾಣೆ ಕರ್ಕೊಂಡು ಹೋಗಲ್ಲ," ಎಂದೆ.

ಬಸ್ಸು ಹತ್ತುವ ಮುಂಚೆ ಜಾಕಿ ನಿಮ್ಮ ಎಡಗೈ ನೆಕ್ಕಿತು. ಹಲಸಿನಕಾಯಿ ಹೆಚ್ಚುವಾಗ ಕತ್ತಿ ತಗುಲಿ ಗಾಯವಾಗಿದ್ದ ಕೈ ಅದು. ಆಗ ಅದು ಲೆಕ್ಕಕ್ಕೆ ಬರುವ ಸಂಗತಿ ಆಗಿರಲಿಲ್ಲ.

ಐದು ದಿನ ಚೆನ್ನಾಗಿಯೇ ನೋಡಿಕೊಂಡೆ. ಇದನ್ನು ಪುಣ್ಯ ಅಂತ ಬರೆಯುತ್ತಿಲ್ಲ. ಹೇಗೆ ನೋಡಿಕೊಳ್ಳಬೇಕೆಂದು ಗೊತ್ತಿತ್ತು ಎಂದು ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿ ನನಗಿಲ್ಲ.

ಆರನೆಯ ದಿನ ಹೆತ್ತೂರಿನ ಕಾಫಿ ಹೋಟೆಲಿನಲ್ಲಿ ಸಣ್ಣೇಗೌಡರು ಸಿಕ್ಕರು. ಸುತ್ತಲಿನ ಬೇಟೆಗೆಲ್ಲ ಅವರೇ ಮುಂದಾಳು, ನಾಲಿಗೆ ಅವರ ಕೋವಿಗಿಂತ ಹರಿತ. ಯುಗಾದಿ ಕಳೆದ ಮೇಲೆ ಒಂದು ಹಂದಿ ಬೇಟೆ ಅವರ ವಾಡಿಕೆ. ನಾನು ಬಾಯಿಬಡುಕ — ದೊರೆ ನಾಯಿಯ ತಳಿ, ಹಾಗೆ, ಹೀಗೆ ಎಂದು ಕೊಚ್ಚಿದೆ. ಅವರು ಲೋಟ ಕೆಳಗಿಟ್ಟು, "ಬುಡಿ ಮಾರಾಯ್ರೆ, ಕೂಸಿನ ಮನೇಲಿ ಬೆಳ್ದಿದ್ದು. ಹಂದಿ ಕಂಡ್ರೆ ಹಾಲು ಕೇಳೀತು! ತೊಟ್ಲು ಕಟ್ಟಿದ್ದೀರೋ ಹೆಂಗೆ?" ಎಂದರು. ಹೋಟೆಲು ಪೂರ್ತಿ ನಕ್ಕಿತು. ನಾಯಿಯನ್ನಲ್ಲ, ನನ್ನನ್ನು ತೊಟ್ಟಿಲಲ್ಲಿ ಹಾಕಿದ ಹಾಗಾಯಿತು ನನಗೆ.

"ಭಾನುವಾರ ಬರ್ತೀವಿ ಗೌಡ್ರೆ," ಎಂದೆ. ಬರ್ತೀವಿ — ನಾನೂ, ಅದೂ. ತಾಯಿಯ ಆಣೆ ಮುರಿಯಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಾಯಿತು.

ಭಾನುವಾರ ಹೊರಡುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಬಿಸಿಲೆ ಘಾಟಿಯ ಕಡೆಯ ಬೋಳುಗುಡ್ಡ ನಿಮಗೆ ಗೊತ್ತಲ್ಲ, ಹುಲ್ಲು ಒಣಗಿ ಕಾದ ಕಾವಲಿಯಾಗಿತ್ತು. ಬೇಟೆ ನಾಯಿಗೆ ಹೊರಡುವ ಮುಂಚೆ ನೀರು ತೋರಿಸುವುದಿಲ್ಲ, ಹೊಟ್ಟೆ ಭಾರವಾದರೆ ಓಡುವುದಿಲ್ಲ ಎನ್ನುವುದು ಅವರ ಲೆಕ್ಕ. ಜಾಕಿ ಮಡಕೆಯ ತಳದ ಕಡೆ ಹೋದಾಗ ನಾನು ಹಗ್ಗ ಎಳೆದೆ. ಊರ ನಾಯಿಗಳದ್ದು ಬಡಕಲು ಮೈ, ಗಿಡ್ಡ ಕೂದಲು. ಸಾಕಾಯಿತು ಅನ್ನಿಸಿದರೆ ಅವು ಯಾರು ಕೂಗಿದರೂ ಕೇಳದೆ ಪೊದೆಗೆ ನುಗ್ಗಿ ಮಲಗಿಬಿಡುತ್ತವೆ. ಜಾಕಿ ಹಾಗಲ್ಲ. ಮೂರು ಸಲ ಅದು ನನ್ನ ಕಾಲಬುಡಕ್ಕೆ ಬಂದು ನಿಂತು ಮುಖ ನೋಡಿತು. ನಾಲಿಗೆ ಅಗಲವಾಗಿ, ಕೆಂಪಗೆ, ಇಷ್ಟುದ್ದ ಹೊರಗೆ ಬಿದ್ದಿತ್ತು. ಮೂರು ಸಲವೂ ನಾನು "ಛೂ" ಎಂದೆ. ಮೂರು ಸಲವೂ ಓಡಿತು.

ನಾಲ್ಕನೆಯ ಸಲ ಬರಲಿಲ್ಲ.

ಹುಲ್ಲಿನಲ್ಲಿ ಒರಗಿ ಬಿದ್ದಿತ್ತು. ಮೈ ಮುಟ್ಟಿದರೆ — ಲೂಸಿಬಾಯಿ, ಒಲೆಯ ಮೇಲಿನ ಪಾತ್ರೆ ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬಂತು. ಬಾಯಿಂದ ಗಟ್ಟಿ ಜೊಲ್ಲು. ಯಾರ ಹತ್ತಿರವೂ ನೀರಿರಲಿಲ್ಲ, ಮೇಲಿನ ಝರಿ ಬತ್ತಿತ್ತು. ಹಂದಿಯ ಕೋರೆ ತಗುಲಿದ ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತರುವುದು ನಮ್ಮ ಬೇಟೆಗಾರರ ಪದ್ಧತಿ. ಸಣ್ಣೇಗೌಡರು ತಮ್ಮ ಕಂಬಳಿಯನ್ನೇ ಕೊಟ್ಟರು — ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. "ಸುತ್ಕಂಡು ಹೊತ್ಕಂಡೋಗಿ ರೈಟ್ರೇ, ಸುಧಾರಿಸ್ಕತದೆ," ಎಂದು ತಮ್ಮವರ ಜೊತೆ ಹಂದಿಯ ಜಾಡು ಹಿಡಿದು ಹೋದರು.

ಏನನ್ನೂ ಹೊದಿಸಬೇಡಿ ಎಂದಿದ್ದಿರಿ. ಆ ಮಾತು ಆಗ ನೆನಪಿಗೆ ಬಂತು — ಬರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಬಂತು. ಆದರೂ ಸುತ್ತಿದೆ. ಬರಿಮೈ ನಾಯಿ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಬೇಗ ಕೆಳಗೆ ಹೋದರೆ ಸಾಕು ಎನ್ನಿಸಿತು. ಬೆಂಕಿಯಾಗಿದ್ದ ಮೈಗೆ ಕುರಿಯ ಉಣ್ಣೆ ಬಿಗಿದು ಆ ಇಳಿಜಾರಿನಲ್ಲಿ ಓಡಿದೆ, ಬಿದ್ದೆ, ಎದ್ದೆ, ಮತ್ತೆ ಓಡಿದೆ. "ಜಾಕಿ, ಬಂತು ಕಣೋ, ನೀರು ಬಂತು" ಎಂದು ಒಂದೇ ಸಮನೆ ಹೇಳುತ್ತಿದ್ದೆ. ಕಂಬಳಿಯೊಳಗಿಂದ ಉಸಿರು ನನ್ನ ಕತ್ತಿಗೆ ಬಡಿಯುತ್ತಿತ್ತು. ನಿಂತು ಬಿಚ್ಚಿ, ಒಂದು ಮರದಡಿ ಗಾಳಿಗೆ ಹಾಕಿದ್ದರೆ — ನಿಲ್ಲಲಿಲ್ಲ.

ಲೈನಿನ ಕೆಳಗೆ ಹಳ್ಳದಲ್ಲಿ ಒಂದು ಗುಂಡಿಯಷ್ಟು ನೀರು ಉಳಿದಿತ್ತಲ್ಲ, ಬಟ್ಟೆ ಒಗೆಯುವ ಕಡೆ, ಅಲ್ಲಿಗೆ ತಂದು ಇಳಿಸಿ ಕಂಬಳಿ ಬಿಚ್ಚಿದೆ. ಸತ್ತಿದೆ ಅಂದುಕೊಂಡಿದ್ದೆ. ಅದು ನೀರು ನೋಡಿತು. ಎದ್ದಿತು! ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು, ಕಣ್ಣು ಕೆಂಡ, ಮುಸುಡಿಯ ತುಂಬ ನೊರೆ — ಬಿದ್ದು ಎದ್ದು ನೀರಿನ ಕಡೆಗೆ ಹೊರಟಿತು. ಅಲ್ಲಿ ಹೆಂಗಸರಿದ್ದರು. ಚಿಕ್ಕತಾಯಿಯ ಮಗಳು ಗೌರಿ, ಮೂರು ವರ್ಷದ್ದು, ನೀರಂಚಿನಲ್ಲಿ ಆಡುತ್ತಿತ್ತು.

"ಹುಚ್ಚುನಾಯಿ!" ಎಂದು ಯಾರೋ ಕಿರುಚಿದರು. ಚಿಕ್ಕತಾಯಿ ಮಗುವನ್ನು ಎತ್ತಿಕೊಂಡು ಬಂಡೆ ಹತ್ತಿದಳು. ತೋಟದ ಕಾವಲಿನ ಬೆಳ್ಳಯ್ಯ ಕೋವಿ ಹಿಡಿದು ಓಡಿ ಬಂದ. ಗುರಿ ಹಿಡಿದು, ನನ್ನ ಕಡೆ ತಿರುಗಿ ಕೇಳಿದ:

"ರೈಟ್ರೇ, ಹುಚ್ಚಾ? ಬೇಗ ಹೇಳಿ!"

ಅಷ್ಟು ಜನ ನನ್ನ ಬಾಯಿ ನೋಡುತ್ತಿದ್ದರು. ಅಲ್ಲ ಎಂದರೆ ಮುಂದಿನ ಪ್ರಶ್ನೆ — ಮತ್ತೆ ಏನಾಗಿದೆ? ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಿ? ಹೌದು ಎಂದರೆ ಯಾವ ಪ್ರಶ್ನೆಯೂ ಇಲ್ಲ. ಹುಚ್ಚುನಾಯಿ ಎಲ್ಲಿಗೆ ಹೋಗಿತ್ತು ಎಂದು ಯಾರೂ ಕೇಳುವುದಿಲ್ಲ.

"ಹೌದು," ಎಂದೆ.

ಬೆಳ್ಳಯ್ಯ ಒಳ್ಳೆಯವನು. ಅವನು ತಕ್ಷಣ ಹೊಡೆಯಲಿಲ್ಲ. ಜಾಕಿಯ ಮುಂಗಾಲು ನೀರಿನಲ್ಲಿತ್ತು, ಮುಸುಡಿ ನೀರಿಗೆ ತಗುಲಿತ್ತು. ಅವನು ಕೋವಿ ಸ್ವಲ್ಪ ತಗ್ಗಿಸಿ, "ನೀರು ಕುಡೀತಾ ಐತಲ್ರೀ?" ಎಂದ.

ದೇವರು ನನಗೆ ಎರಡನೆಯ ಸಲ ಬಾಗಿಲು ತೆರೆದ ಹಾಗೆ ಅದು.

"ಕುಡೀತಿಲ್ಲ. ನುಂಗೋಕಾಗ್ತಿಲ್ಲ, ನೋಡು," ಎಂದೆ.

ಜಾಕಿ ಕುಡಿಯುತ್ತಿತ್ತು, ಲೂಸಿಬಾಯಿ. ನಾನು ಕಣ್ಣಾರೆ ಕಂಡೆ. ಎರಡು ಸಲ ನಾಲಿಗೆ ಹೊರಳಿತು, ಗಂಟಲು ಆಡಿತು. ಮೂರನೆಯ ಸಲಕ್ಕೆ ಗುಂಡು ಬಿತ್ತು. ಬದುಕುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನೇ.

ಬೆಳ್ಳಯ್ಯನಿಗೆ ಹೇಳಿ ಆ ಸಂಜೆಯೇ ಸುಡಿಸಿಬಿಟ್ಟೆ. ಬೇಟೆಯವರಿಗೂ ಸುದ್ದಿ ಮುಟ್ಟಿತು. "ಅದಕ್ಕೇ ಗುಡ್ಡದಲ್ಲಿ ಬಿದ್ದಿದ್ದು," ಎಂದು ತಮ್ಮತಮ್ಮಲ್ಲೇ ಅಂದುಕೊಂಡರು, ಬೇಟೆಯ ಮಾತು ಲೈನಿನವರೆಗೆ ಬರಲಿಲ್ಲ. ನನ್ನ ಸುಳ್ಳಿಗೆ ನಾನು ಕೇಳದೆಯೇ ಸಾಕ್ಷಿ ಸಿಕ್ಕಿತು.

ಮಾರನೆಯ ದಿನ ನೀವು ಬಂದಿರಿ. ನೀವು ಅಳಲಿಲ್ಲ. ಮೊದಲು ಕೇಳಿದ್ದು ಒಂದೇ: "ಮಕ್ಕಳನ್ನು ಮುಟ್ಟಿತ್ತಾ?" ಗೌರಿ ಬೇಟೆಯ ಹಿಂದಿನ ದಿನವೆಲ್ಲ ಅದರ ಜೊತೆ ಆಡಿದ್ದಳು, ಕೆನ್ನೆ ನೆಕ್ಕಿಸಿಕೊಂಡಿದ್ದಳು. ನಿಮ್ಮ ಕೈಯ ಗಾಯ ಇನ್ನೂ ಆರಿರಲಿಲ್ಲ. ಆ ಸಂಜೆಯೇ ನಾನು ನಿಮ್ಮನ್ನೂ ಚಿಕ್ಕತಾಯಿಯನ್ನೂ ಮಗುವನ್ನೂ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ; ನನಗೆ ಜೊಲ್ಲು ತಗುಲಿಲ್ಲ ಎಂದು ಹೇಳಿ ನಾನು ತಪ್ಪಿಸಿಕೊಂಡೆ. ಡಾಕ್ಟರು ನನ್ನನ್ನೇ ಕೇಳಿದರು: "ನಾಯಿಯ ತಲೆ ಇದ್ದರೆ ಪರೀಕ್ಷೆಗೆ ಕಳಿಸಬಹುದಿತ್ತು. ಇದೆಯಾ?" ಸುಟ್ಟೆವು ಎಂದೆ. "ಹುಚ್ಚು ಅನ್ನೋದು ಖಾತ್ರಿನಾ?" ಎಂದರು. ಅದು ಮೂರನೆಯ ಬಾಗಿಲು. ನೀವು ಪಕ್ಕದಲ್ಲೇ ಬೆಂಚಿನ ಮೇಲೆ ಗೌರಿಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಿರಿ. ಖಾತ್ರಿ ಸಾರ್, ಎಂದೆ.

ಹದಿನಾಲ್ಕು ದಿನ. ಒಂದೊಂದು ದಿನವೂ ಹೇಳಬಹುದಿತ್ತು. ಮೂರನೆಯ ದಿನ ಹೇಳಿದ್ದರೆ ಹನ್ನೊಂದು ಸೂಜಿ ಉಳಿಯುತ್ತಿತ್ತು, ಹತ್ತನೆಯ ದಿನ ಹೇಳಿದ್ದರೆ ನಾಲ್ಕು. ನಾನು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಇದೇ ಲೆಕ್ಕ ಹಾಕುತ್ತಿದ್ದೆ, ಹೇಳುತ್ತಿರಲಿಲ್ಲ. ಒಂಬತ್ತನೆಯ ದಿನ ಗಟ್ಟಿ ಮನಸ್ಸು ಮಾಡಿ ಹಾಸನದ ಬಸ್ಸು ಹತ್ತಿದೆ. ನೀವು ಗೋಡೆ ಹಿಡಿದುಕೊಂಡು ಬಾಗಿ ನಡೆಯುತ್ತಿದ್ದಿರಿ. ಹೊಟ್ಟೆ ಊದಿ ಗಟ್ಟಿಯಾಗಿತ್ತಂತೆ. ಗೌರಿ ಬಿಳಿ ಕೋಟು ಕಂಡರೆ ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನೀವು ನನ್ನ ಕೈ ಹಿಡಿದುಕೊಂಡಿರಿ.

"ನೀವು ಆ ದಿನ ಅಲ್ಲಿ ಇಲ್ಲದಿದ್ರೆ ಈ ಮಗುವಿನ ಗತಿ ಎಂತ ಆಗ್ತಿತ್ತು ರೈಟ್ರೆ? ದೇವರೇ ಕಳಿಸಿದ್ದು ನಿಮ್ಮನ್ನು." ಆಮೇಲೆ ದನಿ ಇಳಿಸಿ ಕೇಳಿದಿರಿ, "ನೀರು ಕಂಡು ಹೆದರಿತಾ? ನಿಜ ಹೇಳಿ. ತುಂಬ ಹೆದರಿತಾ?"

ಆ ಪ್ರಶ್ನೆ ಯಾಕೆ ಕೇಳಿದಿರೆಂದು ನನಗೆ ಗೊತ್ತಿತ್ತು. ಮೂರು ಕಡೆ ನೀರಿಟ್ಟು ಸಾಕಿದವರು ನೀವು. ನಿಮ್ಮ ಕಣ್ಣೆದುರೇ ಅದಕ್ಕೆ ಹುಚ್ಚು ಶುರುವಾಗಿದ್ದು ತಿಳಿಯದೇ ಹೋಯಿತೇ ಎಂದು ಕೊರಗುತ್ತಿದ್ದಿರಿ.

"ಹೆದರಿತು ಬಾಯಿ," ಎಂದೆ.

ನಾನು ಮಾಡಿದ್ದರಲ್ಲೆಲ್ಲ ಇದೇ ಹೆಚ್ಚಿನ ಪಾಪ. ಗುಡ್ಡದ್ದು ನನ್ನ ಜಂಬ. ಹಳ್ಳದ್ದು ನನ್ನ ಭಯ. ಇದಕ್ಕೆ — ಇದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ನೀವು ಮರಳಿ ಬಂದಾಗ ಕೂಸಿನ ಮನೆ ಖಾಲಿಯಾಗಿತ್ತು. ಹುಚ್ಚುನಾಯಿಯನ್ನು ಕೂಸುಗಳ ನಡುವೆ ಬಿಟ್ಟವಳ ಹತ್ತಿರ ಮಕ್ಕಳನ್ನು ಹಾಕುವುದಿಲ್ಲ ಎಂದು ತಾಯಂದಿರು ಬೆನ್ನಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋದರು. ಹನ್ನೊಂದು ದಿನ ನೀವು ಬಾಗಿಲು ತೆರೆದು, ಕಸ ಗುಡಿಸಿ, ಖಾಲಿ ತೊಟ್ಟಿಲುಗಳ ನಡುವೆ ಕೂತು ಸಂಜೆ ಬಾಗಿಲು ಹಾಕಿದಿರಿ. ಹಾಜರಿ ಬರೆಯುವವನು ನಾನು. ದಿನವೂ ನಿಮ್ಮ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆ. ಹನ್ನೆರಡನೆಯ ದಿನ ಟ್ರಂಕು ಹೊತ್ತು ಹೆದ್ದಾರಿಯ ಮೇಲಣ ಆನೇಮಹಲಿಗೆ ಹೊರಟಿರಿ. ರಸ್ತೆ ಪಕ್ಕದ ಒಂದು ಕೋಣೆಯಲ್ಲಿ ಹೊಲಿಗೆ ಮಾಡುತ್ತೀರೆಂದು ಆಮೇಲೆ ತಿಳಿಯಿತು. ಯಾರೋ ನಾಯಿಮರಿ ತಂದುಕೊಟ್ಟರೆ, "ಬೇಡ, ನನ್ನ ಕೈ ಒಳ್ಳೆಯದಲ್ಲ," ಎಂದಿರಂತೆ. ಅದೂ ತಿಳಿಯಿತು. ಬಸ್ಸಿನಲ್ಲಿ ಆನೇಮಹಲು ದಾಟುವಾಗ ನಾನು ನಿಮ್ಮ ಕೋಣೆಯ ಕಡೆಯ ಕಿಟಕಿಯಲ್ಲಿ ಕೂರುವುದನ್ನೇ ಬಿಟ್ಟೆ.

ಹೀಗೇ ಸತ್ತುಹೋಗುತ್ತಿದ್ದೆನೋ ಏನೋ.

ಹುಚ್ಚುನಾಯಿಯ ವಿಷ ಸೂಜಿಗೆ ಅಡಗುತ್ತದೆ, ಹೋಗುವುದಿಲ್ಲ; ಮೊದಲ ಗುಡುಗಿಗೆ ಏಳುತ್ತದೆ ಎಂದು ನಮ್ಮ ಕಡೆ ಜನ ನಂಬುತ್ತಾರೆ. ನಿಮಗೂ ಗೊತ್ತಿರಬೇಕು. ಈ ವರ್ಷ ಮೊದಲ ಮಳೆಯ ದಿನ, ಮಧ್ಯಾಹ್ನ, ಯಾವುದೋ ಕೆಲಸಕ್ಕೆ ಲೈನಿನ ಕಡೆ ಹೋಗಿದ್ದೆ. ಗುಡುಗಿತು. ಚಿಕ್ಕತಾಯಿಯ ಮನೆ ಬಾಗಿಲು ಅರ್ಧ ತೆರೆದಿತ್ತು. ಗೌರಿಗೆ ಈಗ ಹದಿನೈದು. ಅವಳನ್ನು ನಡುಮನೆಯ ಕಂಬಕ್ಕೆ ಸೀರೆಯಲ್ಲಿ ಕಟ್ಟಿ, ಎದುರಿಗೆ ಚೊಂಬು ಹಿಡಿದು ತಾಯಿ ಕೂತಿದ್ದಳು. "ಕುಡಿ ಕಣವ್ವ. ಒಂದ್ ಗುಟುಕು. ನನ್ ಕಣ್ಮುಂದೆ ಕುಡಿ." ಹುಡುಗಿ ಕುಡಿದಳು. ಮತ್ತೆ ಗುಡುಗಿತು. "ಇನ್ನೊಂದು." ಹನ್ನೆರಡು ವರ್ಷವೂ ಮೊದಲ ಗುಡುಗಿಗೆ ಅವರು ಹೀಗೇ ಮಾಡಿದ್ದಾರೆ. ಅದು ನನಗೆ ಗೊತ್ತಿರಲಿಲ್ಲ.

ಒಳಗೆ ಹೋದೆ. ಹೊಸಿಲಿನ ಹತ್ತಿರ ನಿಂತು ಹೇಳಿದೆ. ಬೇಟೆ, ಕಂಬಳಿ, ಹಳ್ಳ, ನನ್ನ ಮಾತು. ಚಿಕ್ಕತಾಯಿ ಬಯ್ಯಲಿಲ್ಲ. ಮಗಳ ಕಟ್ಟು ಬಿಚ್ಚಿದಳು. ಆಮೇಲೆ ಚೊಂಬಿನಲ್ಲಿ ಉಳಿದಿದ್ದ ನೀರನ್ನು ನನ್ನ ಮುಖಕ್ಕೆ ಎರಚಿ ಬಾಗಿಲು ಹಾಕಿಕೊಂಡಳು.

ನಿನ್ನೆ ಬೆಳ್ಳಯ್ಯನಿಗೆ ಹೇಳಿದೆ. ಅವನಿಗೆ ಈಗ ಕಣ್ಣು ಮಂಜು. "ಗುಂಡು ನಂದು, ಮಾತು ನಿಮ್ದು. ಎಲ್ಡೂ ಒಂದೇ ನಾಯಿಗೆ ಬಿದ್ವು. ಹೋಗಿ ಆ ಬಾಯಮ್ಮುಂಗೆ ಹೇಳ್ರೀ ಮೊದ್ಲು," ಎಂದ.

ಕ್ಷಮಿಸಿ ಎಂದು ಬರೆಯಲು ಕೂತು ಆ ಸಾಲನ್ನು ಹೊಡೆದುಹಾಕಿದ್ದೇನೆ. ನಿಮ್ಮಿಂದ ಇನ್ನೂ ಏನನ್ನಾದರೂ ಕೇಳುವ ಮುಖ ನನಗಿಲ್ಲ. ನಿಮಗೆ ಹೇಳಬೇಕಾದ್ದು ಇಷ್ಟು: ನಿಮ್ಮ ನಾಯಿ ಸರಿಯಾಗಿತ್ತು. ನಿಮ್ಮ ಕೈ ಸರಿಯಾಗಿತ್ತು. ನಿಮ್ಮ ಕಣ್ಣಿಗೆ ಕಾಣದೇ ಹೋದದ್ದು ಯಾವುದೂ ಇರಲಿಲ್ಲ. ಯಾವ ಗುಡುಗಿಗೂ ನೀವು ಹೆದರಬೇಕಾದ್ದಿಲ್ಲ.

ಕಾಗದ ನಿಮಗೆ ತಲುಪಿದ ಮೂರನೆಯ ದಿನ ನಾನು ಆನೇಮಹಲಿಗೆ ಬರುತ್ತೇನೆ. ಕೂರುವುದಿಲ್ಲ, ನಿಂತು ಹೇಳುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ರಸ್ತೆಯಲ್ಲಿ ನಿಂತೇ ಹೇಳುತ್ತೇನೆ. ಅಲ್ಲಿ ಲಾರಿಗಳ ಸದ್ದು ಜಾಸ್ತಿ. ನಿಮಗೆ ಕೇಳಿಸಬೇಕಾದರೆ ಅಕ್ಕಪಕ್ಕದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಹೇಳುತ್ತೇನೆ.